ಗೋಡೆಯಾಚೆಯ ಮೂಗು

ಭದ್ರಾವತಿಯ ಕಾರ್ಖಾನೆ ಲೈನಿನ ಸಾಲುಮನೆಗಳಲ್ಲಿ ಜೈತೂನ್‌ಬಿಯ ಜೇನಿನ ಕೇಕನ್ನು ಹೊಗಳದೆ ಯಾರೂ ಅವಳ ಬಾಗಿಲು ದಾಟುವಂತಿರಲಿಲ್ಲ. ಜೇನು ಮಾರುವವನ ಮೂರು ತಲೆಮಾರು ವಿಚಾರಿಸಿ, ಜೇನಿನಲ್ಲಿ ಬತ್ತಿ ಅದ್ದಿ ಉರಿಸಿ ನೋಡಿದ ಮೇಲೂ "ಇದು ಬೆಲ್ಲದ ಪಾಕ ಕಣೋ" ಎನ್ನುವಳು. ಅವಳು ಚಕ್ಕೆ, ಲವಂಗ ಕುಟ್ಟುವ ಸದ್ದಿನಲ್ಲಿ ಕಾರ್ಖಾನೆಯ ಸೈರನ್ನೇ ಅಡಗಿಹೋಗುತ್ತಿತ್ತು. ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ, ಪಕ್ಕದ ಮನೆಯ ರುದ್ರಮ್ಮನನ್ನು ಕೂಗುವಳು: "ರುದ್ರಕ್ಕ, ಘಮ ಬಂತಾ?" ಮೊಟ್ಟೆ ಬೆರೆತ ತಿಂಡಿಯನ್ನು ಜನ್ಮದಲ್ಲೇ ಮುಟ್ಟದ ರುದ್ರಮ್ಮ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಓಡಿಬಂದು, ಗೋಡೆಗೆ ಆತು ಉಸಿರೆಳೆಯುವಳು. "ತಳ ಹಿಡೀತಿದೆ, ಕೆಂಡ ತೆಗಿ ಮಾರಾಯ್ತಿ!" ಎನ್ನುವಳು. "ನಿಮಗೆ ಮೂಗಿದೆಯೋ ಇಲ್ವೋ?" ಎಂದು ಇಡೀ ಲೈನಿಗೆ ಕೇಳುವಂತೆ ಗದರುತ್ತಲೇ ಜೈತೂನ್‌ಬಿ ಸರಸರನೆ ಕೆಂಡ ಎಳೆಯುವಳು. ಹಿಂದಿನ ವರ್ಷದ ಕೆಟ್ಟ ಶೀತಜ್ವರ ಜೈತೂನ್‌ಬಿಯ ವಾಸನೆ ಹಿಡಿಯುವ ಶಕ್ತಿಯನ್ನೇ ಕಸಿದಿತ್ತು. ಮಗ್ಗುಲಲ್ಲೇ ಹಾಲು ಸೀಯುತ್ತಿದ್ದರೂ ಅವಳು ನಗುತ್ತ ಕೂತಿದ್ದ ದಿನ ರುದ್ರಮ್ಮನಿಗೆ ಅದು ತಿಳಿದಿತ್ತು. ಜನಕ್ಕೆ ಗೊತ್ತಾದರೆ ಹಬ್ಬಕ್ಕೆ ಕೇಕು ಕೇಳಲು ಯಾರೂ ಬರಲಾರರೆಂದು ಜೈತೂನ್‌ಬಿ ಅಂದು ಅತ್ತಿದ್ದಳು. ರುದ್ರಮ್ಮ ಗಂಡನಿಗೂ ಹೇಳಲಿಲ್ಲ. ಈಗ ರುದ್ರಮ್ಮ ಒಮ್ಮೆ ಸೀನಿದರೆ ಸಾಕು, ಕೇಕಿಗೂ ಹಾಕದೆ ಬಚ್ಚಿಟ್ಟ ಅಪ್ಪಟ ಜೇನಿನ ಸೀಸೆ, ಕಾಳುಮೆಣಸಿನ ಪೊಟ್ಟಣ ಗೋಡೆಯ ಮೇಲೆ ಬಂದು ಕೂರುತ್ತವೆ. "ಬೇಗ ತಗೊಳ್ಳಿ ರುದ್ರಕ್ಕ, ನಾಡಿದ್ದು ರಂಜಾನ್!"