ಬಾಲ ಬಿದ್ದ ಅಕ್ಷರ

ಮೂವತ್ತು ವರ್ಷ ಕರಡು ತಿದ್ದಿ ಅಚ್ಚುಮನೆಯಲ್ಲಿ ‘ಹದ್ದಿನಕಣ್ಣು’ ಎನಿಸಿಕೊಂಡವರು ಎಡವಿದ್ದು ಒಂದೇ ಅಕ್ಷರಕ್ಕೆ. ಮಾಯಾಲೋಕದ ಮಹಾಕಾದಂಬರಿಯೊಂದರ ಮೂರನೆಯ ಸಂಪುಟದಲ್ಲಿ ಮುದಿ ಮಾಂತ್ರಿಕ ಹೇಳುವ ‘ಕೊಟ್ಟವನೇ ಉಳಿಯುತ್ತಾನೆ’ ಎಂಬ ಮಾತು, ‘ಕೊ’ ಅಕ್ಷರದ ಬಾಲ ಬಿದ್ದು ‘ಕೆಟ್ಟವನೇ ಉಳಿಯುತ್ತಾನೆ’ ಎಂದು ಅಚ್ಚಾಯಿತು. ಅಭಿಮಾನಿಗಳಿಗೆ ಅಷ್ಟೇ ಸಾಕಾಯಿತು. ಆ ಲೋಕದ ಮಾಯೆ ಒಳ್ಳೆಯವರನ್ನು ತಿಂದೇ ಬೆಳೆಯುತ್ತದೆ ಎಂದು ಸಿದ್ಧಾಂತ ಕಟ್ಟಿದರು. ಕರಡು ತಿದ್ದಿದವರ ಸ್ವಂತ ಮಗಳಂತೂ ಅದರ ಮೇಲೆ ನಲವತ್ತು ಪುಟ ಬರೆದಳು.

“ನಂದೇ ತಪ್ಪು ಕಣಮ್ಮಾ, ಅಲ್ಲಿ ಅಕ್ಷರದ ಬಾಲ ಬಿದ್ದೋಗಿದೆ ಅಷ್ಟೇ.”

“ನಿಮಗೆ ಕಾಗುಣಿತ ಬರತ್ತೆ ಅಪ್ಪಾ, ಕತೆ ಅರ್ಥ ಆಗಲ್ಲ ಬಿಡಿ.”

ಅಪ್ಪ ತಪ್ಪೊಪ್ಪಿಕೊಂಡು ಲೇಖಕರಿಗೆ ಕಾಗದ ಬರೆದರು. ಉತ್ತರ ಬರಲಿಲ್ಲ, ನಾಲ್ಕನೆಯ ಸಂಪುಟದ ಕರಡು ಬಂತು. ಮೊದಲ ಅಧ್ಯಾಯದ ಹೆಸರೇ ‘ಕೆಟ್ಟವನೇ ಉಳಿಯುತ್ತಾನೆ’. ಇದ್ದಬದ್ದದ್ದನ್ನೆಲ್ಲ ಕೊಟ್ಟ ಆ ಮುದಿ ಮಾಂತ್ರಿಕ ಹತ್ತನೆಯ ಪುಟದಲ್ಲೇ ಸತ್ತಿದ್ದ. ಕೆಂಪು ಪೆನ್ನು ಹಿಡಿದು ಆ ಪುಟವನ್ನು ಮೂರು ಸಲ ಓದಿದರು. ತಿದ್ದಲು ಒಂದು ತಪ್ಪೂ ಇರಲಿಲ್ಲ.