ಹಡಗುಕಟ್ಟೆಯಲ್ಲಿ ಡೆಲ್ಫಿನಾ ಹೇಳಿದ ‘ಇಲ್ಲ’

ಡೆಲ್ಫಿನಾ ಬ್ರಿಯಾನೊ ಇಪ್ಪತ್ತೇಳು ವರ್ಷ ಲಾಂಡ್ರಿಯಲ್ಲಿ ದುಡಿದಳು. ಇಟಲಿಯ ನಮ್ಮ ಸವೋನಾ ಬಂದರಿಗೆ ಬರುವ ಪ್ರವಾಸಿ ಹಡಗುಗಳ ಹಾಸುಬಟ್ಟೆ, ದಿಂಬಿನ ಚೀಲ, ಟವೆಲ್ಲು ಎಲ್ಲ ಆ ಲಾಂಡ್ರಿಗೇ ಬರುತ್ತಿದ್ದವು. ಹಾಸುಗಳನ್ನು ಯಂತ್ರ ಮಡಚುತ್ತಿತ್ತು. ದೊಡ್ಡ ಮೇಜಿನ ಬಟ್ಟೆಗಳನ್ನು ಮಾತ್ರ ಕೈಯಲ್ಲೇ ಮಡಚಬೇಕು, ಅದಕ್ಕೆ ಇಬ್ಬರು ಬೇಕು. ಒಂದು ತುದಿ ಡೆಲ್ಫಿನಾಳದು, ಇನ್ನೊಂದು ತುದಿ ಒರ್ನೆಲ್ಲಾಳದು. ಒರ್ನೆಲ್ಲಾ ಬಾಯಿಗೆ ಬೀಗವಿಲ್ಲದವಳು. ಅವಳು ಮಾತಾಡುತ್ತ ಹತ್ತಿರ ಬರುವಳು, ಇವಳು ಕೇಳುತ್ತ ಹತ್ತಿರ ಬರುವಳು, ಬಟ್ಟೆ ಮಡಚಿಕೊಳ್ಳುತ್ತಿತ್ತು.

ಶಾಲೆಯಲ್ಲಿ ಡೆಲ್ಫಿನಾ ನನಗಿಂತ ಎರಡು ತರಗತಿ ಮುಂದಿದ್ದಳು. ಈಗ ನಾನು ಔಷಧದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತೇನೆ, ಅವಳ ಮನೆ ಅದೇ ಬೀದಿಯ ಮೇಲ್ತುದಿಯಲ್ಲಿ, ಮೂರನೇ ಮಹಡಿ. ಡೆಲ್ಫಿನಾ ಮದುವೆಯಾಗಲಿಲ್ಲ. ತಾಯಿಯನ್ನು ಕೊನೆಯವರೆಗೂ ನೋಡಿಕೊಂಡಳು. ತಾಯಿ ಹೋದ ಮೇಲೆ ಆ ಎರಡು ಕೋಣೆಗಳಲ್ಲಿ ರೇಡಿಯೊ ಬಿಟ್ಟರೆ ಮಾತಾಡುವವರು ಯಾರೂ ಇರಲಿಲ್ಲ. ಒರ್ನೆಲ್ಲಾ ಗಂಡನನ್ನು ಕಳೆದುಕೊಂಡವಳು. ಇಬ್ಬರೂ ನಿವೃತ್ತರಾದ ಮೇಲೆ ಪ್ರತಿ ಶುಕ್ರವಾರ ಸಂಜೆ ಒರ್ನೆಲ್ಲಾಳ ಅಡುಗೆಮನೆಯಲ್ಲಿ ಊಟ ಎಂದು ನಿಗದಿಯಾಯಿತು. ವಾರದಲ್ಲಿ ಡೆಲ್ಫಿನಾ ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದುದು ಅದೊಂದೇ ಹೊತ್ತು.

ಹಡಗಿನಲ್ಲಿ ಒಂದು ಸಲ ಹೋಗಬೇಕು ಎಂಬುದು ಒರ್ನೆಲ್ಲಾಳ ಹಟ. “ಇಷ್ಟು ವರ್ಷ ಊರವರು ಮಲಗಿದ ಹಾಸು ಒಗೆದಿದ್ದೀವಿ, ಒಂದು ವಾರ ನಾವು ಮಲಗೋಣ, ಬೇರೆಯವರು ಒಗೀಲಿ” ಎಂದು ಅಂಗಡಿಯಲ್ಲಿ ನನ್ನೆದುರೇ ಹತ್ತು ಸಲ ಹೇಳಿದ್ದಾಳೆ. ಆಮೇಲೆ ಆ ಕೊರೊನಾ ರೋಗ ಬಂತು, ಹಡಗುಗಳೇ ನಿಂತುಹೋದವು. ಎರಡು ವರ್ಷ ಕಳೆದು, ಇಪ್ಪತ್ತೆರಡರ ಮೇ ತಿಂಗಳಿಗೆ ಇಬ್ಬರೂ ಟಿಕೆಟ್ ತೆಗೆದರು.

ಟ್ರಾವೆಲ್ ಏಜೆನ್ಸಿಯಲ್ಲಿ ನಡೆದದ್ದನ್ನು ಒರ್ನೆಲ್ಲಾ ನನಗೆ ಅಭಿನಯಿಸಿಯೇ ತೋರಿಸಿದ್ದಳು. ಏಜೆಂಟು ಕುಡಿಯುವ ಪ್ಯಾಕೇಜುಗಳ ಪಟ್ಟಿ ಮುಂದಿಟ್ಟ. ಒಂದರಲ್ಲಿ ನೀರು, ಕಾಫಿ. ಇನ್ನೊಂದರಲ್ಲಿ ಊಟದ ಜೊತೆ ವೈನ್. ಮೂರನೆಯದರಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಏನು ಬೇಕಾದರೂ. ಒರ್ನೆಲ್ಲಾ ಮೂರನೆಯದರ ಮೇಲೆ ಬೆರಳಿಟ್ಟಳು.

“ನನಗೆ ನೀರು, ಕಾಫಿ ಸಾಕಲ್ಲೇ” ಎಂದಳು ಡೆಲ್ಫಿನಾ.

“ಹಾಗೆ ಆಗಲ್ಲ ಸಿನ್ಯೋರಾ” ಎಂದ ಏಜೆಂಟು. “ಒಂದೇ ಕೋಣೇಲಿರೋ ದೊಡ್ಡವರೆಲ್ಲ ಒಂದೇ ಪ್ಯಾಕೇಜ್ ತಗೋಬೇಕು. ಇಲ್ದಿದ್ರೆ ಒಬ್ರು ದುಡ್ಡು ಕೊಟ್ಟು ಇಬ್ರು ಕುಡೀತಾರೆ.”

“ನೋಡಿದ್ಯೇನೇ! ರೂಲ್ಸೇ ನಿನಗೆ ಕುಡಿ ಅಂತಿದೆ.”

“ದಂಡ ಕಣೇ ಅದು.”

“ಯಾಕೆ ದಂಡ? ನಿನ್ನ ಪಾಲಿಂದೂ ನಾನೇ ಕುಡೀತೀನಿ. ನೀನು ಗ್ಲಾಸ್ ಹಿಡ್ಕೊಂಡು ನಿಂತ್ಕೋ ಸಾಕು.”

ಹೊರಡುವ ಮುಂಚಿನ ಎರಡು ದಿನದೊಳಗೆ ಒಂದು ಪರೀಕ್ಷೆ, ಬಂದರಿನಲ್ಲಿ ಇನ್ನೊಂದು, ಎರಡರಲ್ಲೂ ರೋಗವಿಲ್ಲ ಎಂದು ಬಂದರೆ ಮಾತ್ರ ಹಡಗು. ದಡ ಸಿಕ್ಕ ಊರುಗಳಲ್ಲಿ ತಮ್ಮಷ್ಟಕ್ಕೆ ಇಳಿಯುವಂತಿಲ್ಲ, ಹಡಗಿನವರೇ ಕರೆದುಕೊಂಡು ಹೋಗುವ ಗುಂಪಿನಲ್ಲಿ ಹೋಗಬೇಕು. ಏಜೆಂಟು ಓದುತ್ತ ಹೋದ, ಡೆಲ್ಫಿನಾ ಒಂದೊಂದನ್ನೂ ಚೀಟಿಯಲ್ಲಿ ಬರೆದುಕೊಂಡಳು.

ಹಡಗು ಶನಿವಾರ; ಗುರುವಾರ ಪರೀಕ್ಷೆಗೆಂದು ನಮ್ಮ ಅಂಗಡಿಗೇ ಬಂದರು. ಮೂಗಿಗೆ ಕಡ್ಡಿ ಹಾಕಿದವರು ಅಂಗಡಿಯ ಯಜಮಾನರು, ಕಾಗದ ತುಂಬಿದವಳು ನಾನು. “ಮೂಗಿನಿಂದ ಮಿದುಳಿಗೇ ಕೈ ಹಾಕ್ತೀರಲ್ಲ ಡಾಕ್ಟ್ರೇ, ಅಲ್ಲೇನೂ ಸಿಗಲ್ಲ” ಎಂದು ಒರ್ನೆಲ್ಲಾ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಇಬ್ಬರಿಗೂ ಏನೂ ಇಲ್ಲವೆಂದು ಬಂತು. ನಾನು ಮುದ್ರೆ ಒತ್ತಿ ಕೊಟ್ಟೆ.

ಶುಕ್ರವಾರ ಎಂದಿನಂತೆ ಒರ್ನೆಲ್ಲಾಳ ಮನೆಯಲ್ಲಿ ಊಟ. ಕಡಲೆಹಿಟ್ಟಿನ ಫರಿನಾತಾ ರೊಟ್ಟಿ, ಈರುಳ್ಳಿ, ತಣ್ಣನೆಯ ಬಿಳಿ ವೈನು. ಒಂದೇ ಬಾಣಲೆಯಿಂದ ಇಬ್ಬರೂ ಮುರಿದುಕೊಂಡು ತಿಂದರು. ಒರ್ನೆಲ್ಲಾ ನಡುನಡುವೆ ಕೆಮ್ಮಿದಳು. “ವೈನ್ ತುಂಬ ತಣ್ಣಗಿತ್ತು, ಗಂಟಲು ಹಿಡ್ಕೊಂಡಿದೆ” ಎಂದಳು. ಡೆಲ್ಫಿನಾಗೆ ಆಗಲೇ ಅನುಮಾನ ಬಂತಂತೆ. ಆದರೂ ಇನ್ನೊಂದು ತುಂಡು ಮುರಿದುಕೊಂಡಳು.

ಶನಿವಾರ ಡೆಲ್ಫಿನಾ ಸೂಟ್‌ಕೇಸ್ ಎಳೆದುಕೊಂಡು ನಡೆದೇ ಹೋದಳು, ಹತ್ತು ನಿಮಿಷದ ದಾರಿ. ಒರ್ನೆಲ್ಲಾ ಹೊಸ ಹ್ಯಾಟು ಹಾಕಿಕೊಂಡು ಟ್ಯಾಕ್ಸಿಯಲ್ಲಿ ಬಂದಿಳಿದಳು. ಹಡಗುಕಟ್ಟೆಯ ಪಕ್ಕದ ಬಿಳಿ ಗುಡಾರದಲ್ಲಿ ಕಡ್ಡಿ ಹಾಕಿಸಿಕೊಂಡು, ಕೈಯಲ್ಲಿ ನಂಬರಿನ ಚೀಟಿ ಹಿಡಿದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾದರು. ಅರ್ಧ ಗಂಟೆಯಾದ ಮೇಲೆ ಒರ್ನೆಲ್ಲಾಳ ನಂಬರನ್ನು ಮಾತ್ರ ಕೂಗಿದರು.

ಡೆಲ್ಫಿನಾ ಅವಳ ಹಿಂದೆಯೇ ಹೋದಳು. ಗಾಜಿನ ಆಚೆ ಕೂತಿದ್ದ ಹುಡುಗಿ ಕಾಗದ ನೋಡಿ, ದನಿ ತಗ್ಗಿಸಿ, ರೋಗ ಇದೆ ಎಂದಳು.

“ಅಯ್ಯೋ, ಮೊನ್ನೆ ಇರ್ಲಿಲ್ಲವಲ್ಲ! ಎರಡು ದಿನದಲ್ಲಿ ಎಲ್ಲಿಂದ ಬಂತು?”

“ಬರುತ್ತೆ ಸಿನ್ಯೋರಾ. ಅದಕ್ಕೇ ಎರಡು ಸಲ ನೋಡೋದು. ನಿಮ್ಮ ದುಡ್ಡು ಪೂರ್ತಿ ವಾಪಸ್ ಬರುತ್ತೆ, ಇಲ್ಲಾಂದ್ರೆ ಒಂದು ವರ್ಷದೊಳಗೆ ಬೇರೆ ಹಡಗಿಗೆ ಹಾಕ್ಕೋಬಹುದು.” ಆಮೇಲೆ ಅವಳು ಡೆಲ್ಫಿನಾ ಕಡೆ ತಿರುಗಿದಳು. “ನೀವು ಜೊತೇಲಿರೋರಾ? ನಿಮಗೇನೂ ಇಲ್ಲ. ಇಬ್ರೂ ಒಂದೇ ಮನೇನಾ?”

“ಅಲ್ಲ.”

“ಈ ಎರಡು ದಿನದಲ್ಲಿ ಮಾಸ್ಕ್ ಇಲ್ದೆ ಒಟ್ಟಿಗೆ ಇದ್ರಾ? ಒಂದೇ ಮೇಜಲ್ಲಿ ಊಟ, ತಿಂಡಿ?”

ಡೆಲ್ಫಿನಾ ಗಾಜನ್ನೇ ನೋಡುತ್ತ, “ಇಲ್ಲ” ಎಂದಳು.

ಆ ‘ಇಲ್ಲ’ ಎಲ್ಲಿಂದ ಬಂತೋ ತನಗೇ ಗೊತ್ತಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಹುಟ್ಟಿದಾರಭ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

“ಹಾಗಾದ್ರೆ ನೀವು ಹೋಗಬಹುದು” ಎಂದಳು ಹುಡುಗಿ. “ಒಬ್ಬರೇ ಬೇಡ ಅಂದ್ರೆ ನಿಮ್ಮ ದುಡ್ಡೂ ಪೂರ್ತಿ ವಾಪಸ್ ಕೊಡ್ತೀವಿ. ಕಾಲು ಗಂಟೇಲಿ ಹೇಳಿ.”

ದುಡ್ಡು ಹಾಳಾಗುತ್ತಲ್ಲ ಎಂಬ ನೆಪ ಕೂಡ ಡೆಲ್ಫಿನಾಗೆ ಉಳಿಯಲಿಲ್ಲ. ಒರ್ನೆಲ್ಲಾ ಹ್ಯಾಟು ತೆಗೆದು ಕೈಯಲ್ಲಿ ಹಿಡಿದಿದ್ದಳು.

“ಹೋಗು” ಎಂದಳು.

“ನೀನು ಒಬ್ಬಳೇ...”

“ನನಗೇನೇ? ಮನೆ ಇದೆ, ಮಂಚ ಇದೆ. ಹೋಗು, ಹೋಗು. ಒಟ್ಟಿಗೆ ಊಟಾನೇ ಮಾಡದೋರು ನಾವು.”

ಅದು ಹೋಗು ಎಂಬ ಮಾತಲ್ಲವೆಂದು ಡೆಲ್ಫಿನಾಗೆ ಗೊತ್ತಿತ್ತು. ಆದರೂ ಹೋದಳು.

ಹಡಗಿನಲ್ಲಿ ಮೊದಲ ಸಂಜೆ ಅವಳನ್ನು ಆರು ಜನರ ಮೇಜಿಗೆ ಕರೆದೊಯ್ದರು. ಬೆರ್ಗಾಮೊ ಕಡೆಯ ಎರಡು ಜೋಡಿ, ಒಬ್ಬ ಮುದುಕ. ಕುರ್ಚಿ ಎಳೆದು ಕೂರುವ ಹೊತ್ತಿಗೆ ಅವಳಿಗೆ ಹಿಂದಿನ ದಿನದ ಬಾಣಲೆ ನೆನಪಾಯಿತು. ರೋಗ ತನ್ನೊಳಗೂ ಕೂತಿದ್ದರೆ? ಇವತ್ತು ಕಾಣದ್ದು ನಾಳೆ ಕಾಣಬಹುದಲ್ಲ? ತಲೆನೋವು ಎಂದು ಹೇಳಿ ಎದ್ದುಬಂದಳು. ಅಲ್ಲಿಂದ ಮುಂದೆ ಊಟವೆಲ್ಲ ಕೋಣೆಗೇ ತರಿಸಿಕೊಂಡಳು. ಬಾಲ್ಕನಿಯ ಪುಟ್ಟ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು, ಸಮುದ್ರದ ಕಡೆ ಮುಖ ಮಾಡಿ ಉಂಡಳು. ಹೊರಗೆ ಓಡಾಡಿದರೆ ಮೂಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಜನ ಇಲ್ಲದ ಕಡೆ. ಮಾರ್ಸೇ ಬಂತು, ಬಾರ್ಸಿಲೋನಾ ಬಂತು. ಗುಂಪಿನ ಜೊತೆ ಬಸ್ಸು ಹತ್ತಲು ಧೈರ್ಯವಾಗದೆ ಎರಡು ಊರನ್ನೂ ಕಟಕಟೆ ಹಿಡಿದು ಮೇಲಿನಿಂದಲೇ ನೋಡಿದಳು.

ಊಟ ತರುತ್ತಿದ್ದವನು ಬಾಲಿ ದ್ವೀಪದ ವಯಾನ್ ಎಂಬಾತ, ಮೂವತ್ತರ ಆಸುಪಾಸಿನವನು. ಕೋಣೆ ಇಬ್ಬರ ಹೆಸರಿನಲ್ಲಿದ್ದುದರಿಂದ ಪ್ರತಿಸಲವೂ ಎರಡು ಚಮಚ, ಎರಡು ಫೋರ್ಕು ತರುತ್ತಿದ್ದ.

“ಬರೀ ನೀರಾ ಸಿನ್ಯೋರಾ? ನಿಮ್ಮ ಪ್ಯಾಕೇಜಲ್ಲಿ ಎಲ್ಲಾ ಇದೆ.”

“ನನಗೆ ಅಭ್ಯಾಸ ಇಲ್ಲಪ್ಪ.”

“ಎಲ್ರೂ ಕೊಟ್ಟಷ್ಟೂ ಕುಡೀತಾರೆ. ನೀವೊಬ್ರೇ ಕೊಟ್ರೂ ಬೇಡ ಅನ್ನೋದು.”

ಪಕ್ಕದ ಮಂಚಕ್ಕೂ ದಿನಾ ಬೆಳಗ್ಗೆ ಹಾಸು ಹಾಸಿ ಹೋಗುತ್ತಿದ್ದರು. ಅದನ್ನು ತೆಗೆದುಬಿಡಿ ಎಂದು ಕೇಳಿಕೊಂಡಳು. ಇಬ್ಬರ ಕೋಣೆ, ಹಾಗೆ ತೆಗೆಯುವಂತಿಲ್ಲ ಎಂದರು. ಹಾಸಿನ ಅಂಚು ಮುಟ್ಟಿ ನೋಡಿದಳು. ಹೊಲಿಗೆ ಬೇರೆ, ಲಾಂಡ್ರಿಯವರು ಹಾಕುವ ನೀಲಿ ಗುರುತು ಬೇರೆ. ಯಾವುದೋ ಬೇರೆ ಬಂದರಿನಲ್ಲಿ ಒಗೆದದ್ದು.

ಮಾರ್ಸೇಯಿಂದಲೇ ಅವಳು ಒರ್ನೆಲ್ಲಾಗೆ ಫೋನ್ ಮಾಡಿದ್ದಳು. ಎತ್ತಲಿಲ್ಲ. ‘ಜ್ವರ ಹೇಗಿದೆಯೇ?’ ಎಂದು ಮೆಸೇಜು ಹಾಕಿದಳು. ಇಡೀ ದಿನ ಬಿಟ್ಟು ಉತ್ತರ ಬಂತು: ‘ಒಬ್ಬಳೇ ಉಣ್ತಿದ್ದೀನಿ. ನಿನ್ನ ಜೊತೆ ಉಂಡೇ ಇಲ್ವಲ್ಲ.’ ಅದನ್ನು ಓದಿ ಫೋನನ್ನು ಸೂಟ್‌ಕೇಸಿನ ತಳಕ್ಕೆ ಹಾಕಿದಳು.

ಮಂಗಳವಾರ ಪಕ್ಕದ ಬಾಲ್ಕನಿಯಿಂದ ಯಾರೋ ಮಾತಾಡಿಸಿದರು. ಮೊದಲ ದಿನ ಮೇಜಿನಲ್ಲಿದ್ದ ಅದೇ ಮುದುಕ, ಬತ್ತಿಸ್ತಾ.

“ತಲೆನೋವು ಹೋಯ್ತಾ ಸಿನ್ಯೋರಾ? ಇಸ್ಪೀಟಿಗೆ ಒಂದು ಕೈ ಕಮ್ಮಿ ಇದೆ, ಬನ್ನಿ.”

“ನನಗೆ ಆಡೋಕೆ ಬರಲ್ಲ.”

ಅವಳಿಗೆ ಚೆನ್ನಾಗಿ ಬರುತ್ತಿತ್ತು, ಲಾಂಡ್ರಿಯ ಊಟದ ಬಿಡುವಿನಲ್ಲಿ ಒರ್ನೆಲ್ಲಾಳನ್ನು ಎಷ್ಟೋ ಸಲ ಸೋಲಿಸಿದ್ದಳು.

ಮರುದಿನ ಬತ್ತಿಸ್ತಾ ಕೆಮ್ಮುವುದು ಕೇಳಿಸಿತು. ತನ್ನಿಂದಲೇ ಅಂಟಿತೇನೋ ಎಂದು ಡೆಲ್ಫಿನಾ ಹೆದರಿದಳು. ಆತ ಹತ್ತಿರ ಬಂದದ್ದು ಒಂದೇ ಸಲ, ಅದೂ ಮಾಸ್ಕು ಇದ್ದಾಗ. ಆದರೂ ಅವಳು ಬುದ್ಧಿಯ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ನೇರವಾಗಿ ಹಡಗಿನ ಆಸ್ಪತ್ರೆಗೆ ಇಳಿದು, ಪಕ್ಕದ ಕೋಣೆಯ ಅಜ್ಜ ಕೆಮ್ಮುತ್ತಿದ್ದಾರೆ, ನನ್ನನ್ನು ಪರೀಕ್ಷೆ ಮಾಡಿ ಎಂದಳು. ನರ್ಸು ಪೋರ್ಚುಗಲ್ಲಿನವಳು, ಗಟ್ಟಿ ತೋಳಿನ ಹೆಂಗಸು. ಕಡ್ಡಿ ಹಾಕಿ, ಕಾಲು ಗಂಟೆ ಕಾದು, ಏನೂ ಇಲ್ಲ ಎಂದಳು.

“ಯಾರ ಜೊತೆಗಾದ್ರೂ ಇದ್ರಾ, ರೋಗ ಇದ್ದೋರ ಜೊತೆ?”

“ಹೌದು. ಹೋದ ಶುಕ್ರವಾರ. ಒಂದೇ ಮೇಜು, ಒಂದೇ ಬಾಣಲೆ. ಬಂದರಲ್ಲಿ ಇಲ್ಲ ಅಂತ ಹೇಳ್ಬಿಟ್ಟೆ.”

ಬೈಯಲಿ, ಕೋಣೆಯಲ್ಲಿ ಕೂಡಿಹಾಕಲಿ, ಮುಂದಿನ ಊರಲ್ಲಿ ಇಳಿಸಲಿ ಎಂದು ಕಾದಳು. ನರ್ಸು ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು. “ಐದು ದಿನ ಆಯ್ತು. ಬರೋದಾಗಿದ್ರೆ ಇಷ್ಟು ಹೊತ್ತಿಗೆ ಬರ್ತಿತ್ತು. ಆ ಅಜ್ಜಂಗೆ ಸಿಗರೇಟಿನ ಕೆಮ್ಮು, ಬೆಳಗ್ಗೇನೇ ನೋಡಿದ್ದೀನಿ. ಹೋಗಿ, ಎಲ್ರ ಜೊತೆ ಕೂತು ಊಟ ಮಾಡಿ.”

ಅಷ್ಟೇ. ಡೆಲ್ಫಿನಾ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳಂತೆ, ಇನ್ನೇನಾದರೂ ಹೇಳಿಯಾಳೇನೋ ಎಂದು. ನರ್ಸು ಮುಂದಿನವರನ್ನು ಕರೆದಳು.

ಅವತ್ತು ಸಂಜೆ ಆರು ಜನರ ಮೇಜಿಗೆ ಹೋದಳು. ಎಲ್ಲರೂ ಜರುಗಿ ಜಾಗ ಕೊಟ್ಟರು, ಒಳ್ಳೆಯ ಜನ. ಆದರೆ ಅಷ್ಟರಲ್ಲಿ ಅವರವರಲ್ಲಿ ನಗೆಚಾಟಿಕೆಗಳು ಬೆಳೆದಿದ್ದವು. ಬಾರ್ಸಿಲೋನಾದಲ್ಲಿ ಯಾರೋ ಕಳೆದುಹೋದದ್ದು, ಬಸ್ಸಿನ ಗೈಡು ಏನೋ ಅಂದದ್ದು. ಒಬ್ಬರು ಅರ್ಧ ಹೇಳಿದರೆ ಉಳಿದವರು ನಗುತ್ತಿದ್ದರು. ಡೆಲ್ಫಿನಾ ಅವರು ನಕ್ಕಾಗ ನಕ್ಕಳು. ಊಟವಾದ ಮೇಲೆ ಹಡಗಲ್ಲಿ ಕುಡಿಯಲೇಬೇಕು ಎಂದು ಒರ್ನೆಲ್ಲಾ ಹೇಳುತ್ತಿದ್ದ ಕಿತ್ತಳೆ ಬಣ್ಣದ ಮದ್ಯ ಒಂದು ಗ್ಲಾಸು ಕೇಳಿದಳು. ಕಹಿಯಾಗಿತ್ತು. ಅರ್ಧ ಕುಡಿದು ಇಟ್ಟಳು. ಒಂದು ವಾರದ ಪ್ಯಾಕೇಜಿನಲ್ಲಿ ಅವಳು ಕುಡಿದದ್ದು ಅದೊಂದೇ.

ಊರಿಗೆ ಬಂದ ಮರುದಿನವೇ ಒರ್ನೆಲ್ಲಾಳ ಮನೆಗೆ ಹೋಗಿ ಕೆಳಗಿನ ಗಂಟೆ ಒತ್ತಿದಳು.

“ಯಾರು?” ಎಂದು ಗೋಡೆಯ ಸ್ಪೀಕರಿನಲ್ಲಿ ದನಿ ಬಂತು.

“ನಾನೇ ಕಣೇ. ಹುಷಾರಾದ್ಯಾ?”

“ಹುಷಾರಾದೆ. ಏನು ಬೇಕಿತ್ತು?”

“ನಿನ್ನ ನೋಡೋಣ ಅಂತ.”

“ನೋಡಿದ್ಯಲ್ಲ ಬಂದರಲ್ಲಿ.”

ಬಾಗಿಲು ತೆರೆಯಲಿಲ್ಲ. ಮುಂದಿನ ಶುಕ್ರವಾರವೂ ಹೋದಳು, ಅದರ ಮುಂದಿನ ಶುಕ್ರವಾರವೂ. ಮೂರನೆಯ ಸಲ ದನಿಯೂ ಬರಲಿಲ್ಲ. ಹಿಂದಿರುಗುವಾಗ ನಮ್ಮ ಅಂಗಡಿಗೆ ಬಂದು, ಕೆಮ್ಮಿನ ಮಾತ್ರೆ ಕೊಂಡು, ಇದನ್ನೆಲ್ಲ ನನಗೆ ಹೇಳಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ಒರ್ನೆಲ್ಲಾ ದುಡ್ಡು ವಾಪಸ್ ತೆಗೆದುಕೊಳ್ಳದೆ ಬೇರೆ ಹಡಗಿಗೆ ಹಾಕಿಸಿಕೊಂಡು, ಚಳಿಗಾಲದ ಹೊತ್ತಿಗೆ ತನ್ನ ನಾದಿನಿಯ ಜೊತೆ ಹೋಗಿಬಂದಳು. ಆ ವೇಳೆಗೆ ಪರೀಕ್ಷೆಗಳೂ ನಿಂತಿದ್ದವು. ಬಂದವಳು ಅಂಗಡಿಯಲ್ಲಿ ಕೂತು ಪಾಲೆರ್ಮೊದ ಮೀನು, ಹಡಗಿನ ಕುಣಿತ, ಬೀಳ್ಕೊಡುಗೆಯ ಊಟ ಎಲ್ಲ ವರ್ಣಿಸಿದಳು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು:

“ಅವಳು ಏನಾದ್ರೂ ಕುಡಿದ್ಲಂತಾ?”

“ಅರ್ಧ ಗ್ಲಾಸು” ಎಂದೆ.

“ಪೆದ್ದು ಮುಂಡೇದು” ಎಂದು ನಕ್ಕಳು. ನಗು ಅಲ್ಲೇ ನಿಂತಿತು. “ಮಿಲೇನಾ, ನನ್ನನ್ನ ಕೇಳಿದ್ರೆ ನಾನೂ ಇಲ್ಲ ಅಂತಾನೇ ಹೇಳ್ತಿದ್ದೆ. ಹಡಗು ಯಾರು ಬಿಡ್ತಾರೆ? ಆದ್ರೆ ಅವಳ ಕಡೆ ತಿರುಗಿ, ಕಣ್ಣು ಹೊಡೆದು ಹೇಳ್ತಿದ್ದೆ. ಅವಳು ನನ್ನ ಕಡೆ ನೋಡ್ಲೇ ಇಲ್ಲ.”

“ಅದನ್ನ ಅವಳಿಗೇ ಹೇಳಬಾರದಾ?”

“ನಾನ್ಯಾಕೆ ಹೇಳ್ಲಿ?”

ನಾನೂ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ ಎಂದು ಈಗ ಅನ್ನಿಸುತ್ತದೆ. ಇನ್ನೊಬ್ಬರ ಜಗಳದಲ್ಲಿ ತಲೆ ಹಾಕುವುದು ಬೇಡ ಎಂದುಕೊಂಡೆ, ಅಷ್ಟೇ.

ಬೀದಿಯಲ್ಲಿ ಸಿಕ್ಕರೆ ಇಬ್ಬರೂ ‘ನಮಸ್ಕಾರ’ ಎನ್ನುವ ಮಟ್ಟಿಗೆ ಬಂದರು. ಸೋಮವಾರದ ಸಂತೆಯಲ್ಲಿ ಒಮ್ಮೆ ಪಕ್ಕಪಕ್ಕದಲ್ಲೇ ನಿಂತು ಟೊಮೆಟೊ ಆರಿಸಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕಿಂತ ಮುಂದೆ ಹೋಗಲಿಲ್ಲ.

ಹೋದ ತಿಂಗಳು ಒರ್ನೆಲ್ಲಾ ಮನೆ ಮಾರಿ, ಆಲ್ಬೆಂಗಾದಲ್ಲಿರುವ ನಾದಿನಿಯ ಮನೆಗೆ ಹೋಗಿಬಿಟ್ಟಳು. ಡೆಲ್ಫಿನಾಗೆ ಸುದ್ದಿ ಕೊಟ್ಟವಳು ನಾನೇ. ರಕ್ತದೊತ್ತಡ ನೋಡಿಸಿಕೊಳ್ಳಲು ಬಂದಿದ್ದಳು, ತೋಳಿಗೆ ಪಟ್ಟಿ ಸುತ್ತಿತ್ತು.

“ಹೌದಾ? ಯಾವತ್ತು?”

“ಶನಿವಾರ.”

“ಸಾಮಾನೆಲ್ಲ ಯಾರು ಕಟ್ಟಿಕೊಟ್ರು?”

ನನಗೆ ಗೊತ್ತಿರಲಿಲ್ಲ. ಯಂತ್ರ ಟಿಕ್ ಎಂದಿತು, ಒತ್ತಡ ಹೆಚ್ಚು ತೋರಿಸಿತು. “ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ, ಮತ್ತೆ ನೋಡೋಣ” ಎಂದೆ. ಗಿರಾಕಿಗಳು ಬಂದರು, ಹೋದರು. ನಡುವೆ ಬಿಡುವಾದಾಗ ಇನ್ನೊಮ್ಮೆ ನೋಡಿದೆ, ಸರಿಯಾಗಿತ್ತು. “ಏನೂ ಇಲ್ಲ, ಮನೆಗೆ ಹೋಗಬಹುದು” ಎಂದೆ. ಸರಿ ಎಂದಳು. ನಾನು ಶಟರ್ ಎಳೆಯುವವರೆಗೂ ಆ ಕುರ್ಚಿಯಲ್ಲೇ ಕೂತಿದ್ದಳು.