ಮಣ್ಣು ಮೇಡಂ ಮತ್ತು ನಮ್ಮನೆ ಕುಟ್ಟಾಣಿ

ಇದನ್ನು ಹೇಳಬೇಕು ಅಂದುಕೊಳ್ಳುತ್ತಲೇ ನಿವೃತ್ತನಾದೆ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡೆ. ಇನ್ನೂ ಮುಂದೂಡಿದರೆ ನಾನೇ ಇರುವುದಿಲ್ಲ.

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಾನು ಅಟೆಂಡರ್ ಆಗಿದ್ದೆ. ಮಳೆನೀರು ಕೆರೆ ಸೇರುವ ದಾರಿಯುದ್ದಕ್ಕೂ ಮಣ್ಣು ತೆಗೆದು, ಅದರಲ್ಲಿ ತಾಮ್ರ, ಸತು, ಸೀಸ ಎಷ್ಟೆಷ್ಟಿದೆ ಎಂದು ನೋಡುವುದು ನಮ್ಮ ಮೇಡಂ ಕೆಲಸ. ಗವಿಪುರದವರ ಬಾಯಲ್ಲಿ ಅವರು ಮಣ್ಣು ಮೇಡಂ. ಕಾಲುವೆಗೆ ಇಳಿಯುವ ಮೊದಲು ಬಳೆ, ಉಂಗುರ ಬಿಚ್ಚಿ ನನ್ನ ಜೇಬಿಗೆ ಹಾಕಿ, ಸೆರಗು ಸಿಕ್ಕಿಸಿ, ಮರದ ಸೌಟು ಹಿಡಿಯುತ್ತಿದ್ದರು.

"ಮುತ್ತೈದೆ ಕಣಮ್ಮ ನೀನು! ಕೈ ಬೋಳು ಮಾಡ್ಕೊಂಡು ಚರಂಡಿ ಕೆದಕ್ತೀಯಲ್ಲ?" ಎಂದು ಒಬ್ಬ ಅಜ್ಜಿ ಗದರಿದ್ದರು.

"ಬಳೆ ಚಿನ್ನದ್ದು ಅಜ್ಜಿ. ಮಣ್ಣಿಗೆ ಉಜ್ಜಿ, ಇಲ್ಲಿ ಚಿನ್ನ ಇದೆ ಅಂತ ನಾನು ಬರೆದ್ಬಿಟ್ರೆ ನಾಳೆ ಇಡೀ ಗವಿಪುರ ಹಾರೆ ಹಿಡ್ಕೊಂಡು ಬರುತ್ತೆ!"

ಒಮ್ಮೆ ಅವರು ಊರಲ್ಲಿಲ್ಲದಾಗ, ಮಣ್ಣು ಅರೆಯುವ ಅಗೇಟ್ ಕಲ್ಲಿನ ಒರಳು ನನ್ನ ಕೈಜಾರಿ ಒಡೆಯಿತು. ಬೈಗುಳಕ್ಕೆ ಹೆದರಿ ಮಣ್ಣನ್ನು ಮನೆಗೊಯ್ದು, ಹೆಂಡತಿಯ ಹಿತ್ತಾಳೆ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ತಂದೆ. ಅರೆದ ಮೇಲೆ ಕಲ್ಲು ಒಡೆಯಿತು ಎಂದು ಸುಳ್ಳು ಹೇಳಿದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಎಂಬುದು ನನಗೆ ಹೊಳೆಯಲಿಲ್ಲ.

ಲೋಹ ಅಳೆಯುವ ಯಂತ್ರಕ್ಕೆ ಹೊಳೆಯಿತು. ತಾಮ್ರ, ಸತು ಎರಡೂ ಮೇಲೆ ಹಾರಿ ಕೂತಿದ್ದವು. ಕಾಲುವೆ ಪಕ್ಕದಲ್ಲೇ ಶಿವಣ್ಣನ ಹಿತ್ತಾಳೆ ಪಾತ್ರೆ ಪಾಲಿಶ್ ಶೆಡ್ಡು. ಮೇಡಂ ವರದಿ ಕೊಟ್ಟರು, ಶೆಡ್ಡಿಗೆ ಬೀಗ ಬಿತ್ತು. ಆದರೂ ಅವರಿಗೆ ಸಮಾಧಾನವಿಲ್ಲ. ಹೊಸ ಕಲ್ಲು ತರಿಸಿ, ಮತ್ತೆ ಮಣ್ಣು ತೆಗೆದು, ತಾವೇ ಅರೆದು ನೋಡಿದರು. ಏನೂ ಇಲ್ಲ!

ಮುಂದಿನ ಸಲ ಮಣ್ಣು ತೆಗೆಯಲು ಹೋದಾಗ ಕಾಲುವೆಯಿಂದ ಮೇಲೆ ಬಂದವರೇ ನೇರ ಶಿವಣ್ಣನ ಮನೆಬಾಗಿಲಿಗೇ ಹೋದರು. "ತಪ್ಪು ನಂದು ಶಿವಣ್ಣ. ವರದಿ ವಾಪಸ್ ತಗೊಂಡಿದೀನಿ. ಕ್ಷಮಿಸ್ಬಿಡಿ."

"ಇಷ್ಟೆಲ್ಲ ಓದಿ ಮಣ್ಣು ತಿಂದ್ರಾ ಮೇಡಂ?" ಎಂದ. ಬೀದಿಯೇ ನಕ್ಕಿತು. ನಾನು ಅವರ ಬಳೆಗಳನ್ನು ಜೇಬಲ್ಲಿಟ್ಟುಕೊಂಡು ಕಾಲುವೆ ನೋಡುತ್ತ ನಿಂತಿದ್ದೆ.

ಗೌರಿ ಹಬ್ಬಕ್ಕೆ ನನ್ನಾಕೆ ಅವರನ್ನು ಕುಂಕುಮಕ್ಕೆ ಕರೆದಳು. ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗುವವರು ಮೇಡಂ. ಕುಟ್ಟಾಣಿ ಕಂಡಿತು. ಎತ್ತಿದರು, ಒಳಗೆ ಬೆರಳಾಡಿಸಿದರು.

"ಇದ್ರಲ್ಲಿ ಮೆಣಸು ಕುಟ್ಟಿದ್ರೆ ಸಾರು ಘಮ್ ಅನ್ನುತ್ತೆ ಕಣ್ರೀ," ಎಂದು ಅವಳಿಗೆ ಹೇಳಿ ನನ್ನತ್ತ ತಿರುಗಿದರು. "ಮಣ್ಣು ಮಾತ್ರ ಬೇಡಪ್ಪಾ, ರಂಗಣ್ಣ."

ತಮಾಷೆಯೆಂದು ಹೆಂಡತಿ ನಕ್ಕಳು. ಮೇಡಂ ನನ್ನ ಮುಖ ನೋಡುತ್ತ ಕಾದರು. ಅವಳು ಕೊಟ್ಟ ಕಾಫಿ ಅವರ ಕೈಯಲ್ಲೇ ಆರಿತು. ನನ್ನ ಬಾಯಿಂದ ಹೊರಟಿದ್ದು ಇಷ್ಟೇ: "ಸಕ್ಕರೆ ಸಾಕಾ ಮೇಡಂ?"

ಹೋದ ಮಾಘದಲ್ಲಿ ಅವರು ತೀರಿಕೊಂಡರು. ಬಸವನಗುಡಿಯ ಅವರ ಮನೆಗೆ ಶಿವಣ್ಣನೂ ಬಂದಿದ್ದ. "ಶೆಡ್ಡು ಮುಚ್ಚಿಸಿದ್ರು ನಿಜ. ಆದ್ರೆ ದೊಡ್ಡೋರು ಅನ್ನಿಸ್ಕೊಂಡೋರಲ್ಲಿ ನನ್ನ ಹತ್ರ ಕ್ಷಮೆ ಕೇಳಿದ್ದು ಇವ್ರೊಬ್ರೇ, ರಂಗಣ್ಣ," ಎಂದ. ನಾನು ಹೂಂಗುಟ್ಟಿದೆ.

ಹಾರ ಹಾಕಿದ ಫೋಟೋದ ಕೆಳಗೆ ಅವರ ಹೆಸರಿತ್ತು. ಇಷ್ಟು ವರ್ಷ ಜೊತೆಗಿದ್ದರೂ ಒಂದು ಸಲವೂ ನಾನು ಬಾಯಿಬಿಟ್ಟು ಹೇಳದ ಹೆಸರು: ಕಾತ್ಯಾಯಿನಿ ಮೇಡಂ.